ಮಾತೃಭಾಷೆಯ ಕಾಲಂ

ನನ್ನ ಬಾಯಿ ಮೊದಲಿನಿಂದಲೂ ಜೋರು. ಮುಂಬಯಿಯ ಪರೇಲ್‌ನ ಒಂದು ಕನ್ನಡ ಶಾಲೆಯಲ್ಲಿ ಭೂಗೋಳದ ಟೀಚರಮ್ಮನಾಗಿದ್ದೆ. ಬಾಂಗ್ಲಾದೇಶ ಹುಟ್ಟಿದ ಮರುವರ್ಷ ಕನ್ನಡ ಸಂಘದವರು ಭಾಷಣಕ್ಕೆ ಕರೆದರು: ಬೇರೆ ಬೇರೆ ದೇಶಗಳಲ್ಲಿ ತಮ್ಮ ನಾಡು, ತಮ್ಮ ನುಡಿ ಎಂದು ಎದ್ದವರ ಬಗ್ಗೆ. ಸಾಂತಾಕ್ರೂಜ್‌ನಿಂದ ಲೋಕಲ್‌ನಲ್ಲಿ ಹೋಗಿ ಬರುವಾಗಲೆಲ್ಲ ಅದೇ ಧ್ಯಾನ. ಬಂಗಾಳಿಗಳಿಗೆ ಬೇರೆ ದೇಶವೇ ಬೇಕಾಯಿತು. ಕೆನಡಾದ ಫ್ರೆಂಚರಲ್ಲಿ ಅನೇಕರಿಗೆ ಕಚೇರಿಯಲ್ಲಿ ತಮ್ಮ ಭಾಷೆ ನಡೆದರೆ ಸಾಕಿತ್ತು. ಸ್ಪೇನಿನ ಬಾಸ್ಕ್ ಜನರಿಗೆ ಶಾಲೆಯಲ್ಲೂ ತಮ್ಮ ಮಾತು ಆಡುವಂತಿರಲಿಲ್ಲ. ಎಲ್ಲರ ಮೇಲೂ ನನಗೆ ಕನಿಕರ. ನಮ್ಮವರ ಹೋಟೆಲುಗಳಿಗೆ ಕಲ್ಲು ಹೊಡೆದು 'ಇಲ್ಲಿಯ ಕೆಲಸ ಇಲ್ಲಿಯವರಿಗೆ' ಎಂದ ಮರಾಠಿ ಹುಡುಗರ ಸಿಟ್ಟೂ ಅರ್ಥವಾಗುತ್ತಿತ್ತು. ಅವರ ಅಪ್ಪಂದಿರು ಮಿಲ್ಲಿನಲ್ಲಿ ಸವೆದಿದ್ದರು, ಇವರಿಗೆ ಕೆಲಸವಿರಲಿಲ್ಲ.

ಆಗಲೇ ಒಂದು ದಿನ ನಮ್ಮ ಶಾಲೆಯ ಸಿಪಾಯಿ, ಬಿಜಾಪುರ ಕಡೆಯ ಮುಸಲ್ಮಾನರು, ಚಹಾ ತಂದಿಟ್ಟು ಅಲ್ಲೇ ನಿಂತರು. ನನ್ನ ಅಕ್ಷರ ದುಂಡಗಿದೆಯೆಂದು ಶಾಲೆ ಬಿಡುವ ಮಕ್ಕಳ ಸರ್ಟಿಫಿಕೇಟುಗಳನ್ನು ನಾನೇ ಬರೆಯುತ್ತಿದ್ದೆ; ನಮ್ಮಲ್ಲೇ ಓದಿದ ಅವರ ಮಗಳದು ಬಾಕಿಯಿತ್ತು.

"ಬಾಯಾರ, ಮಗಳಿಗಿ ಕಾಂದಿವಲಿ ಔಷಧಿ ಕಾರ್ಖಾನ್ಯಾಗ ಪ್ಯಾಕಿಂಗ್ ಕೆಲಸ ಆಗೂ ಹಂಗೈತಿ. ಮಾತೃಭಾಷಾ ಅಂತ ಕಾಲಂ ಐತಲ್ರಿ, ಅಲ್ಲಿ ಮರಾಠಿ ಅಂತ ಬರೀರಿ. ಆಕಿ ಛಲೋ ಮಾತಾಡ್ತಾಳ."

"ಸುಳ್ಳು ಬರೆಯೋದಿಲ್ಲ. ಜನ ಭಾಷೆಗೋಸ್ಕರ ಪ್ರಾಣ ಕೊಟ್ಟಿದ್ದಾರೆ, ನೀವು ಒಂದು ಕೆಲಸಕ್ಕೆ ಬಿಟ್ಟುಕೊಡ್ತೀರಲ್ಲ."

"ಹಂಗಾದ್ರ ಖಾಲಿ ಬಿಡ್ರಿ."

ಖಾಲಿ ಬಿಡಲಿಲ್ಲ. ಅವರ ಕಣ್ಣೆದುರೇ 'ಕನ್ನಡ' ಎಂದು ಬರೆದು ಠಸ್ಸೆ ಒತ್ತಿದೆ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಭಾಷಣ ಭಾನುವಾರ ನಮ್ಮ ಶಾಲೆಯಲ್ಲೇ ನಡೆಯಿತು. ಬೆಂಚು ಹಾಕಿದ್ದು ಅವರೇ. ಯಾರಿಗೂ ತನ್ನ ಭಾಷೆಯನ್ನು ಬಚ್ಚಿಡುವ ಗತಿ ಬರಬಾರದು ಎಂದಾಗ ಭರ್ಜರಿ ಚಪ್ಪಾಳೆ ಬಿತ್ತು. ಜನ ಹೋದ ಮೇಲೆ ಅವರು ನೀರು ತಂದುಕೊಟ್ಟರು.

"ಛಲೋ ಮಾತಾಡಿದ್ರಿ, ಬಾಯಾರ."

"ಮಗಳ ಕೆಲಸ ಏನಾಯ್ತು?"

"ಆಗಲಿಲ್ರಿ. ಮೊದಲಿಗಿ ಕಾರ್ಖಾನಿ ಸಾಹೇಬ ಮರಾಠಿಯೊಳಗ ಚಂದಾಗಿ ಮಾತಾಡ್ಸಿದ್ನಂತ. ಸರ್ಟಿಫಿಕೇಟ್ ನೋಡಿ ವಾಪಸ್ ಕೊಟ್ನಂತ."

ಸುಮ್ಮನಿರುವ ಜಾಯಮಾನವೇ ನನ್ನದು? "ಹೋಗ್ಲಿ ಬಿಡಿ, ನಾವು ನಿಜ ಬರೆದ್ವಲ್ಲ" ಎಂದೆ.

"ನಿಜ ಅಲ್ರಿ ಅದು" ಎಂದರು, ಬೆಂಚು ಎತ್ತುತ್ತ. "ನಮ್ಮ ಮನ್ಯಾಗ ದಖನಿ ಉರ್ದು ಮಾತಾಡ್ತೀವಿ. ಆಕಿ ತಾಯಿಗಿ ಕನ್ನಡ ಬರೂದೇ ಇಲ್ಲ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ನಾಚಿಕೆಯಿಂದ ಸತ್ತೇಹೋದೆ. ಬೆಂಚಿನ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಅದನ್ನು ತರಗತಿಗೆ ಒಯ್ದೆವು. ಸ್ಪೇನಿನ ಬಾಸ್ಕರು ಮನೆಯಲ್ಲಿ ಯಾವ ಮಾತು ಆಡುತ್ತಾರೆಂದು ಅರ್ಧ ಗಂಟೆ ಹೇಳಿದ್ದೆ. ಏಳು ವರ್ಷದಿಂದ ದಿನಾ ನನಗೆ ಚಹಾ ತಂದುಕೊಡುತ್ತಿದ್ದವರನ್ನು ಒಮ್ಮೆಯೂ ಕೇಳಿರಲಿಲ್ಲ.