ಮಂತ್ರಿಯನ್ನು ಬಸ್ಸಿಗೆ ಕಾಯಿಸಿದವರು

ಮಂತ್ರಿಗಳು ಬಂದರೆ ಶ್ರೀಮತಿ ಗಿಟೆಲ್‌ಮನ್ ಕುರ್ಚಿಯಿಂದ ಏಳುತ್ತಿರಲಿಲ್ಲ. ಪ್ರಾರ್ಥನಾಮಂದಿರದ ಬಾಗಿಲು ಕಾಯುವ ಪೊಲೀಸನಿಗೆ ಚಹಾ ಕೊಡುವುದಕ್ಕೆ ಮಾತ್ರ, ಮಂಡಿ ಹಿಡಿದುಕೊಂಡಾದರೂ, ತಾವೇ ಏಳುತ್ತಿದ್ದರು.

ಯೇನಾ ನಗರದ ಗಾಜಿನ ಮಸೂರದ ಕಾರ್ಖಾನೆಗೆ ನಾನು ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದುದು ಈ ಚಿಕ್ಕ ಜರ್ಮನ್ ಊರಿನಿಂದ. ನಿವೃತ್ತಿಯ ನಂತರವೂ ಇಲ್ಲೇ ಉಳಿದೆ. ನಮ್ಮದೇ ಕಟ್ಟಡದ ಎದುರು ಮನೆಯ ಗಿಟೆಲ್‌ಮನ್ ಇಲ್ಲಿನ ಯಹೂದಿ ಸಮುದಾಯದ ಅಧ್ಯಕ್ಷೆ. ಮೆಟ್ಟಿಲು ಒರೆಸುವ ಸರದಿಯನ್ನು ನನ್ನಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ನಮ್ಮ ಸ್ನೇಹಕ್ಕೆ ಅಷ್ಟು ಸಾಕಾಯಿತು.

ಒಂದು ನವೆಂಬರ್‌ನಲ್ಲಿ ಸಿನಗಾಗ್‌ನಲ್ಲಿ, ಅಂದರೆ ಆ ಪ್ರಾರ್ಥನಾಮಂದಿರದಲ್ಲಿ, ನಾಜಿಗಳ ಕಾಲದಲ್ಲಿ ಮಡಿದವರ ಸ್ಮರಣೆ ನಡೆಯಿತು; ಅವರು ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದಿದ್ದರು. ಅಲ್ಲಿನ ಪೊಲೀಸ್ ಕಾವಲನ್ನು ತೆಗೆಯುವ ಮಾತು ನಡೆದಿತ್ತು. ಅದನ್ನು ತಡೆಯಬಲ್ಲ ಮಂತ್ರಿಯೂ ಬಂದಿದ್ದರು. ಅವರ ಮನಸ್ಸು ಕೆಡದಂತೆ ನೋಡಿಕೊಳ್ಳಬೇಕಾದ ದಿನ. ಆದರೆ ಪ್ರಾರ್ಥನೆಗೆ ಹತ್ತು ಮಂದಿ ಯಹೂದಿ ಗಂಡಸರು ಬೇಕು, ಇದ್ದವರು ಒಂಬತ್ತು. ಹತ್ತನೆಯವರು ಮುದುಕ ಬೋರಿಸ್. ಅವರ ಬಸ್ಸು ಬಂದಿರಲಿಲ್ಲ.

ಮಂತ್ರಿಯ ಕಾರ್ಯದರ್ಶಿ ಗಡಿಯಾರ ತಟ್ಟಿ, "ನಮ್ಮ ಮಂತ್ರಿಗಳನ್ನೇ ಸೇರಿಸಿಕೊಂಡು ಶುರು ಮಾಡಬಾರದೇ?" ಎಂದ.

"ಅವರು ಲೆಕ್ಕಕ್ಕಿಲ್ಲ," ಎಂದರು ಗಿಟೆಲ್‌ಮನ್.

ಗಿಟೆಲ್‌ಮನ್ ಮಂತ್ರಿಯ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಿ. ನಾನು ಅಧ್ಯಕ್ಷೆ, ಆದರೂ ಹೆಂಗಸು. ನಮ್ಮ ಪದ್ಧತೀಲಿ ನಾನೂ ಲೆಕ್ಕಕ್ಕಿಲ್ಲ. ಬನ್ನಿ, ಇಬ್ಬರೂ ಕೂತು ಕಾಯೋಣ."

ಮಂತ್ರಿ ನಿಜವಾಗಿಯೂ ಕೂತರು!

"ನೋಡಿದ್ರೇನ್ರೀ," ನನ್ನ ಹೆಂಡತಿ ಪಿಸುಗುಟ್ಟಿದಳು, "ಮಂತ್ರೀನೇ ಬಸ್ಸಿಗೆ ಕಾಯ್ತಿದ್ದಾರೆ. ನೀವು ಕಾಫಿ ಸ್ವಲ್ಪ ತಡ ಆದ್ರೆ ಮನೆಯೆಲ್ಲಾ ರಂಪ ಮಾಡ್ತೀರಿ."

ಬೋರಿಸ್ ಏದುಸಿರು ಬಿಡುತ್ತಾ ಬಂದ ಮೇಲೆಯೇ ಪ್ರಾರ್ಥನೆ. ಹೊರಡುವಾಗ ಮಂತ್ರಿ ಕೈ ಕುಲುಕಿದರು. ಗಿಟೆಲ್‌ಮನ್ ಕೂತಲ್ಲಿಂದಲೇ ಹೇಳಿದರು: "ಬೋರಿಸ್ ಒಬ್ಬನೇ ಬಸ್ಸಲ್ಲಿ ಬರ್ತಾನೆ. ಬಾಗಿಲಲ್ಲಿ ಪೊಲೀಸ್ ಕಾಣದಿದ್ರೆ ಹೆದರಿ ವಾಪಸ್ ಹೋಗ್ತಾನೆ. ಅವನು ಬರದಿದ್ರೆ ಏನಾಗುತ್ತೆ ಅಂತ ಇವತ್ತು ನೀವೇ ನೋಡಿದ್ರಿ." ಬೇಡುವ ದನಿಯೇ ಅದಲ್ಲ. ಅಧಿಕಾರದ ಮುಂದೆ ಅಷ್ಟು ನೆಟ್ಟಗೆ, ಅಷ್ಟು ಸಭ್ಯವಾಗಿ ಮಾತಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾವಲು ಉಳಿಯಿತು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸ್ಮಶಾನದಲ್ಲಿ ಹಿಮ ಬೀಳುತ್ತಿತ್ತು. ಅಲ್ಲೂ ಪ್ರಾರ್ಥನೆಗೆ ಒಂಬತ್ತೇ ಮಂದಿ. ಮೇಯರ್ ಕೈಗಡಿಯಾರ ನೋಡಿಕೊಂಡು, ಪಕ್ಕದಲ್ಲಿದ್ದ ಹಳೆಯ ಮಂತ್ರಿಯನ್ನು, "ಶುರು ಮಾಡಲು ಹೇಳೋಣವೇ?" ಎಂದು ಕೇಳಿದರು. ಈಗ ಅಧಿಕಾರವಿಲ್ಲದ ಆ ಮನುಷ್ಯ ಟೋಪಿಯ ಮೇಲಿನ ಹಿಮವನ್ನೂ ಕೊಡವಿಕೊಳ್ಳದೆ ರಸ್ತೆಯ ಕಡೆಗೇ ನೋಡುತ್ತಿದ್ದರು.

"ನಾವು ಲೆಕ್ಕಕ್ಕಿಲ್ಲ," ಎಂದರು. "ಬೋರಿಸ್ ಬರಲಿ."