ಗೌರಿ, ಗೌರವ್ವ ಮತ್ತು ಹನ್ನೆರಡು ದಿನ

ಇವತ್ತು ಅಥಣಿಯ ಝೆರಾಕ್ಸ್ ಅಂಗಡಿಯಲ್ಲಿ ಪಹಣಿಯ ಪ್ರತಿ ತೆಗೆಸಿದೆ. ಯಂತ್ರದಿಂದ ಆಗಷ್ಟೇ ಹೊರಬಂದ ಕಾಗದಕ್ಕೆ ಒಂದು ಬಿಸಿ ವಾಸನೆ ಇರುತ್ತದಲ್ಲ, ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದದ್ದೇ ತಡ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಪುಟ್ಟ ಕೈಯೊಂದನ್ನು ಹಿಡಿಯಲು ನನ್ನ ಕೈ ತಾನಾಗಿ ಕೆಳಗೆ ಹೋಯಿತು.

ತಮ್ಮ ಮತ್ತು ಅವನ ಹೆಂಡತಿ ಅಪಘಾತದಲ್ಲಿ ತೀರಿಕೊಂಡಾಗ ಅವರ ಮಗಳಿಗೆ ನಾಲ್ಕು ವರ್ಷ. ಜರ್ಮನಿಯಲ್ಲಿರುವ ತಂಗಿ ಸುನಂದಾ ದತ್ತು ತೆಗೆದುಕೊಳ್ಳುತ್ತೇನೆಂದಳು. ಅವಳಿಗೆ ಮಕ್ಕಳಿಲ್ಲ. ನನಗೂ ಇಲ್ಲ, ಗಂಡನೂ ಇಲ್ಲ. ಐಗಳಿಯಲ್ಲಿ ಎರಡೆಕರೆ ದ್ರಾಕ್ಷಿ ತೋಟವಿದೆ. ಸರ್ಕಾರದ ಆದೇಶ ಬರುವತನಕ ಮಗು ನಿನ್ನ ಹತ್ತಿರ ಇರಲಿ, ಮೂರು ತಿಂಗಳ ಮಾತು ಎಂದರು ಹಿರಿಯರು. ಮೂರು ತಿಂಗಳಲ್ಲಿ ಏನು ಮಹಾ ಹಚ್ಚಿಕೊಳ್ಳುತ್ತೇನೆ ಎಂದುಕೊಂಡ ಜಾಣೆ ನಾನು.

ಮಗು ಹುಟ್ಟಿದ್ದು ಗಡಿಯಾಚೆ. ಅಲ್ಲಿನ ಮರಾಠಿ ದಾಖಲೆಯಲ್ಲಿ ಗೌರಿ, ನಮ್ಮ ಆಧಾರ್ ಕಾರ್ಡಿನಲ್ಲಿ ಗೌರವ್ವ.

"ಬಾಯಾರ, ಗೌರಿ ಬ್ಯಾರೆ, ಗೌರವ್ವ ಬ್ಯಾರೆ. ಇಬ್ರೂ ಒಬ್ಬಾಕಿನ ಅಂತ ಅಲ್ಲಿಂದ ಬರಸ್ಕೊಂಡ ಬರ್ರಿ," ಎಂದರು ಈ ಕಡೆಯ ಗುಮಾಸ್ತರು. ಆ ಕಡೆಯವರು, ಮೊದಲು ನಿಮ್ಮ ಕರ್ನಾಟಕದಿಂದ ಬರೆಸಿಕೊಂಡು ಬನ್ನಿ ಎಂದು ಮರಾಠಿಯಲ್ಲಿ ಹೇಳಿದರು. ಪ್ರತಿ ಸಲ ಹೊಸದಾಗಿ ಝೆರಾಕ್ಸ್ ತೆಗೆಸುತ್ತ, ಮಗುವಿನ ಕೈ ಹಿಡಿದುಕೊಂಡು, ಎರಡು ವರ್ಷ ಹಾಗೇ ಓಡಾಡಿದೆವು. ಬಸ್ಸಿನಲ್ಲಿ ನನಗೆ ಒರಗಿಕೊಂಡು ಅವಳು ಕೇಳುತ್ತಿದ್ದಳು, "ಅತ್ತಿ, ಇವತ್ತೂ ನಾ ಗೌರಿ ಆಗಲಿಲ್ಲೇನ?"

ಮೊದಮೊದಲು ಕಚೇರಿಯ ಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ, "ಮುಂದಿನ ಸೋಮವಾರ ಬರ್ರಿ" ಎಂದಾಗ ಒಳಗೊಳಗೇ ಹಿಗ್ಗು. ಕೊನೆಗೆ ಅಂಚೆಯಲ್ಲಿ ಪತ್ರ ಬಂತು: ಹೆಸರಿನ ತಕರಾರು ಮುಗಿದಿದೆ, ಹದಿನೈದು ದಿನದೊಳಗೆ ಬಂದು ದತ್ತಿನ ಕಾಗದಕ್ಕೆ ಸಹಿ ಮಾಡಬೇಕು. ನಾನದನ್ನು ಸೀರೆಗಳ ಕೆಳಗಿಟ್ಟೆ. ಸುನಂದಾ ದಿನಾ ಸಂಜೆ ಫೋನಿನಲ್ಲಿ ಕೇಳುವಳು, "ಏನರ ಬಂತೇನಕ್ಕಾ?" "ಇಲ್ಲ ಬೇ," ಎನ್ನುವೆ. ಸರ್ಕಾರದ ಅಷ್ಟೆಲ್ಲ ವಿಳಂಬಕ್ಕೆ ನಾನೂ ಬಿಟ್ಟಿ ಗುಮಾಸ್ತೆಯಾಗಿ ಹನ್ನೆರಡು ದಿನ ಸೇರಿಸಿದೆ.

ಹನ್ನೆರಡನೆಯ ಸಂಜೆ ಸುನಂದಾ ವಿಡಿಯೋದಲ್ಲಿ ಒಂದು ಫ್ರಾಕ್ ಹಿಡಿದು ತೋರಿಸಿದಳು. "ಮದ್ಲ ತಂದಿದ್ದು ಎರಡೂ ಗಿಡ್ಡ ಆಗಿರತಾವಲ್ಲಕ್ಕಾ? ಇದು ಮೂರನೇದು." ನಾನು ಕರೆಂಟು ಹೋಯಿತೆಂದು ಸುಳ್ಳು ಹೇಳಿ ಫೋನಿಟ್ಟೆ. ಮರುದಿನ ಮೊದಲ ಬಸ್ಸಿಗೆ ಹೋಗಿ ಸಹಿ ಮಾಡಿದೆ. ಎರಡೇ ತಿಂಗಳಲ್ಲಿ ಗೌರಿ ಜರ್ಮನಿಗೆ ಹೊರಟುಹೋದಳು.

ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಅಂಗಡಿಯಿಂದ ಬಂದವಳೇ ಸುನಂದಾಳಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ.

"ನಂಗೊತ್ತಿತ್ತಕ್ಕಾ. ಅದ ಪತ್ರ ನಂಗೂ ಮೇಲ್‌ನ್ಯಾಗ ಬಂದಿತ್ತ."

"ಮತ್ತ ದಿನಾ ಯಾಕ ಕೇಳತಿದ್ದಿ?"

"ನಿನಗ ಆಕಿನ್ನ ಕಳಸಾಕ ಮನಸ್ಸ ಆಗೇತೋ ಇಲ್ಲೋ ನೋಡಾಕ. ಆಗಿಲ್ಲ ಅಂತ ತಿಳೀತಿತ್ತ. ಇನ್ನೊಂದ ದಿನ ಇರಲಿ ಅಂತ ಬಿಡತಿದ್ದೆ."

ಫೋನಿಟ್ಟು ಹೊಸ್ತಿಲ ಮೇಲೆ ಕೂತೆ. ಮನೆ ಎಂದಿನಷ್ಟೇ ಖಾಲಿ. ಆ ಹನ್ನೆರಡು ದಿನಗಳನ್ನು ನೆನೆಯಲು ನನಗೆ ಇದುವರೆಗೆ ಮುಖವಿರಲಿಲ್ಲ. ಈಗ ಒಂದೊಂದಾಗಿ ನೆನಪಿಸಿಕೊಂಡೆ. ಅವುಗಳಲ್ಲಿ ಒಂದು ದಿನ ಗೌರಿ ನನ್ನ ಹಸಿರು ಸೀರೆ ಸುತ್ತಿಕೊಂಡು, ದ್ರಾಕ್ಷಿಯ ಸಾಲುಗಳ ನಡುವೆ ಎಡವುತ್ತ, ನಗುತ್ತ, ಆ ತುದಿಯವರೆಗೂ ನಡೆದು ಹೋಗಿದ್ದಳು.