ಅಮ್ಮ ಹಾಕಿಸಿಕೊಳ್ಳದ ಕ್ಲಿಪ್ಪು

ನಾನು ಏಳನೇ ಕ್ಲಾಸಿನಲ್ಲಿದ್ದ ಆ ಕಾಲಕ್ಕೆ ನಮ್ಮ ಶಿಡ್ಲಘಟ್ಟದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಅಪರೂಪ. ಹಲ್ಲು ನೋಯಬೇಕು, ಕೀಳಿಸಬೇಕು. ಅದು ಬಿಟ್ಟರೆ ಹಲ್ಲಿನ ಡಾಕ್ಟರ ಹತ್ತಿರ ಏನು ಕೆಲಸ ಎನ್ನುವ ದಿನಗಳು. ಬೀದಿ ತುಂಬ ರೇಷ್ಮೆಗೂಡು ಬೇಯುವ ವಾಸನೆ. ಚಳಿಗಾಲದಲ್ಲಿ ಅದರ ಜೊತೆಗೆ ಅವರೆಕಾಯಿಯ ಸೊಗಡು. ಅಂಥದೊಂದು ಚಳಿಗಾಲದಲ್ಲೇ ನನ್ನ ಬಾಯಿಗೆ ತಂತಿ ಬಿತ್ತು.

ನನ್ನವು ಅಮ್ಮನ ಹಲ್ಲುಗಳು. ಮುಂದಕ್ಕೆ ಚಾಚಿಕೊಂಡು, ಒಂದರ ಮೇಲೊಂದು ಹತ್ತಿ ಕೂತಂಥವು. ಕುಂಟಾಬಿಲ್ಲೆಯಲ್ಲಿ ನಾನು ಗೆದ್ದರೆ ಸಾಕು, ಸೋತವರು "ತುರೇಮಣೆ, ತುರೇಮಣೆ" ಎಂದು ಕೂಗುತ್ತಾ ಓಡುತ್ತಿದ್ದರು. ಅಮ್ಮನೂ ಅದನ್ನೇ ಕೇಳಿಸಿಕೊಂಡು ಬೆಳೆದವಳು. ನಗು ಬಂದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. "ನನ್ ಥರ ಇವಳಿಗೂ ಆಗೋದು ಬ್ಯಾಡ" ಎಂದು ಹಟ ಹಿಡಿದು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನನ್ನು ಒಪ್ಪಿಸಿದವಳು ಅವಳೇ.

ಚಿಕ್ಕಬಳ್ಳಾಪುರಕ್ಕೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಗುಲಾಬಿ ಬಣ್ಣದ ಪೇಸ್ಟನ್ನು ಬಾಯಿಗೆ ಒತ್ತಿ ಅಚ್ಚು ತೆಗೆದರು. ಜಾಗ ಸಾಲದೆಂದು ಎರಡು ಹಲ್ಲು ಕಿತ್ತರು. ಆಮೇಲೆ ಕ್ಲಿಪ್ಪುಗಳನ್ನು ಅಂಟಿಸಿ ತಂತಿ ಕಟ್ಟಿದರು. ತಿಂಗಳಿಗೊಂದು ಸಲ ಬಂದು ಬಿಗಿ ಮಾಡಿಸಿಕೊಳ್ಳಬೇಕು, ಕಡ್ಲೆಮಿಠಾಯಿ, ಚಕ್ಕುಲಿ ಮುಟ್ಟಬಾರದು, ತಿಂದಾಗಲೆಲ್ಲ ಹಲ್ಲುಜ್ಜಬೇಕು ಎಂದರು. ಮೊದಲ ವಾರ ಇಡ್ಲಿ ಅಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅಮ್ಮ ರಾಗಿಮುದ್ದೆಯನ್ನು ಇನ್ನಷ್ಟು ಮೆತ್ತಗೆ ಮಾಡಿ, ಹಿತಕಿದ ಅವರೆಬೇಳೆಯನ್ನು ಬೆರಳಲ್ಲಿ ಮಸೆದು, ನಾನು ನುಂಗುವುದನ್ನೇ ನೋಡುತ್ತಾ ಕೂರುತ್ತಿದ್ದಳು.

ಎರಡನೇ ಸಲ ಬಿಗಿ ಮಾಡಿಸಲು ಹೋದಾಗ ಡಾಕ್ಟರು ಅಮ್ಮನನ್ನು ನೋಡಿ, "ನೀವೂ ಹಾಕಿಸ್ಕೊಬಹುದಲ್ಲಮ್ಮ" ಎಂದರು.

ಅಮ್ಮ ಬೆಚ್ಚಿಬಿದ್ದಳು. "ನಂಗಾ? ಈ ವಯಸ್ಸಲ್ಲಿ?"

"ವಯಸ್ಸಿಂದೇನಿಲ್ಲ. ಮಕ್ಕಳಿಗೆ ಬೇಗ ಸರಿಹೋಗುತ್ತೆ, ದೊಡ್ಡೋರಿಗೆ ಸ್ವಲ್ಪ ತಡ ಆಗಬಹುದು. ವಸಡು, ಮೂಳೆ ಚೆನ್ನಾಗಿದ್ರೆ ಸಾಕು. ಇದು ಬರೀ ಅಂದಕ್ಕಲ್ಲಮ್ಮ. ಹಿಂಗೆ ಹತ್ತಿಕೊಂಡಿರೋ ಹಲ್ಲಿನ ಸಂದಿಗೆ ಬ್ರಶ್ ಹೋಗಲ್ಲ. ಕೊಳೆ ನಿಂತು ವಸಡು ಕೆಡುತ್ತೆ. ಆಮೇಲೆ ಒಂದೊಂದೇ ಅಲ್ಲಾಡಕ್ಕೆ ಶುರುವಾಗುತ್ತೆ."

ಮನೆಗೆ ಬಂದು ಅಮ್ಮ ಅದನ್ನು ಅಪ್ಪನಿಗೆ ಹೇಳಿದಳು. ಅಪ್ಪ ನಗಲಿಲ್ಲ. "ಹಾಕಿಸ್ಕೊ, ಅದಕ್ಕೇನಂತೆ. ಮುಂದಿನ ಸಲ ಇಬ್ರೂ ಒಟ್ಟಿಗೆ ಹೋಗಿಬನ್ನಿ" ಎಂದರು. ಆ ಒಂದು ತಿಂಗಳು ಅಮ್ಮ ಕೆಲಸ ಮಾಡುತ್ತಲೇ ಏನೋ ಗುನುಗಿಕೊಳ್ಳುತ್ತಿದ್ದಳು. ರಾತ್ರಿ ಮಲಗುವ ಮುಂಚೆ ನನ್ನ ಬಾಯಿ ತೆಗೆಸಿ, "ಎಷ್ಟು ಒಳಗೋಗವೆ ನೋಡು ಪಾಪ" ಎಂದು ತನ್ನದೇ ಹಲ್ಲೆಂಬಂತೆ ಸಂತೋಷಪಡುತ್ತಿದ್ದಳು.

ನನಗೆ ಮಾತ್ರ ಅದು ಬೇಡವಾಗಿತ್ತು. ತುರೇಮಣೆಯ ಜಾಗಕ್ಕೆ ಶಾಲೆಯಲ್ಲಿ ಆಗಲೇ "ಮುಳ್ಳುತಂತಿ" ಎಂಬ ಹೊಸ ಹೆಸರು ಬಂದಿತ್ತು. ಹೊರಡುವ ದಿನ ಬೆಳಗ್ಗೆ, ಅಮ್ಮ ನನಗೆ ಜಡೆ ಹಾಕುತ್ತಿದ್ದಾಗ, ನಾನು ಹೇಳಿಯೇಬಿಟ್ಟೆ.

"ನೀನೂ ತಂತಿ ಹಾಕ್ಕೊಂಡು ಪೇರೆಂಟ್ಸ್ ಮೀಟಿಂಗ್‌ಗೆ ಬಂದ್ರೆ ನಾನು ಸ್ಕೂಲಿಗೇ ಹೋಗಲ್ಲ. ಎಲ್ರೂ ನಗ್ತಾರೆ. ನಿಂಗ್ಯಾಕಮ್ಮ ಇದೆಲ್ಲ? ನಿನ್ನ ಯಾರು ನೋಡ್ತಾರೆ?"

ಜಡೆ ಹಾಕುತ್ತಿದ್ದ ಬೆರಳುಗಳು ಒಂದು ಗಳಿಗೆ ನಿಂತವು. ಮತ್ತೆ ಹೆಣೆದವು. ರಿಬ್ಬನ್ ಕಟ್ಟಿ, "ಆಯ್ತು, ಎದ್ದೇಳು" ಎಂದಳು.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ಅಮ್ಮನಿಗಾಗಿ ಕುರ್ಚಿ ಸರಿಮಾಡಿದರು. "ಬ್ಯಾಡ ಡಾಕ್ಟ್ರೇ, ಮನೇಲಿ ಕೆಲ್ಸ ಜಾಸ್ತಿ. ಮಗೂದು ಒಂದು ಸರಿಹೋದ್ರೆ ಸಾಕು" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನಿಗೂ ಅದನ್ನೇ ಹೇಳಿದಳು. ನಿಜ ಹೇಳಬೇಕೆಂದರೆ, ನಾನು ಒಳಗೊಳಗೇ ಹಗುರವಾಗಿದ್ದೆ.

ಎರಡು ವರ್ಷಕ್ಕೆ ನನ್ನ ತಂತಿ ಬಿಚ್ಚಿದರು. ಹಲ್ಲು ಮತ್ತೆ ಹಳೆಯ ಜಾಗಕ್ಕೆ ಓಡಿಹೋಗದಂತೆ ರಾತ್ರಿ ಹಾಕಿಕೊಳ್ಳಲು ಪ್ಲೇಟು ಕೊಟ್ಟರು. ನಾನು ಮರೆತು ಮಲಗಿದರೆ ಅಮ್ಮ ಎಬ್ಬಿಸಿ ಹಾಕಿಸುತ್ತಿದ್ದಳು. ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಐವತ್ತು ದಾಟುವ ಹೊತ್ತಿಗೆ ಅಮ್ಮನ ವಸಡಿನಲ್ಲಿ ರಕ್ತ, ಕೀವು. ಹಲ್ಲುಗಳು ಒಂದೊಂದಾಗಿ ಅಲ್ಲಾಡಿದವು. ಚಿಂತಾಮಣಿಗೆ ಕರೆದುಕೊಂಡು ಹೋಗಿ ನಾನೇ ನಿಂತು ಕೀಳಿಸಿದೆ. ಅಲ್ಲಿಯ ಡಾಕ್ಟರು "ಇಷ್ಟು ದಿನ ಯಾಕೆ ಬಿಟ್ರಿ?" ಎಂದು ಕೇಳಿದ್ದು ನನ್ನನ್ನು. ಕಾಯುವ ಬೆಂಚಿನ ಮೇಲೆ ತಲೆ ನರೆತ ಹೆಂಗಸೊಬ್ಬಳು ಹಲ್ಲಿನ ಕ್ಲಿಪ್ಪು ತೋರಿಸಿಕೊಂಡು ಫೋನಿನಲ್ಲಿ ಆರಾಮಾಗಿ ನಗುತ್ತಿದ್ದಳು.

ಈಗ ಅಮ್ಮನಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು. ಸಾಲು ನೇರವಾಗಿದೆ. ಆದರೆ ಶಶಿ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಮೊದಲಿನಂತೆ ಹೊರಡುವುದಿಲ್ಲ, ಗಾಳಿಯೇ ಹೆಚ್ಚು. ನನ್ನನ್ನು ಹುಟ್ಟಿದಾಗಿನಿಂದ ಕರೆದ ಆ ದನಿ ಇನ್ನು ಎಲ್ಲೂ ಇಲ್ಲ.

ಹೋದ ತಿಂಗಳು ಧೈರ್ಯ ಮಾಡಿ ಕೇಳಿದೆ. "ಅಮ್ಮ, ಅವತ್ತು ಜಡೆ ಹಾಕ್ವಾಗ ನಾನು ಏನೋ ಅಂದಿದ್ದೆ. ನೆನಪಿದ್ಯಾ?"

"ಯಾವತ್ತೇ? ಇಲ್ಲ ಕಣೇ. ಅವೆಲ್ಲ ಯಾರು ನೆನಪಿಟ್ಕೊಂತಾರೆ" ಎಂದು ಸೊಪ್ಪು ಬಿಡಿಸುತ್ತಾ ಕೂತಳು. ಒಂದು ಕಟ್ಟು ಮುಗಿಯಿತು. ಇನ್ನೊಂದಕ್ಕೆ ಕೈ ಹಾಕಿ, ನನ್ನ ಕಡೆ ನೋಡದೆ ಹೇಳಿದಳು.

"ಡಾಕ್ಟ್ರು ಬಾಯಿ ನೋಡ್ತಾರೆ ಅಂತ ಅವತ್ತು ಎರಡು ಸಲ ಹಲ್ಲುಜ್ಜಿದ್ದೆ."